ಮಾವ ಮತ್ತು ಅವರ ಜೊತೆ ರೆಫರಿ

ಮಧುಗಿರಿಯಲ್ಲಿರುವ ನನ್ನ ಸೋದರಮಾವನಿಗೆ ದೇವರು ಬಾಯಿ ಕೊಟ್ಟಿರುವುದು ಮುದ್ದೆ ನುಂಗಲು ಮತ್ತು ವಿಷಲ್ ಊದಲು ಮಾತ್ರ! ಉಳಿದ ವ್ಯವಹಾರವೆಲ್ಲ ಕಣ್ಣು, ಕೈಗಳದ್ದು. ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದ ಮೇಲೂ ಸುತ್ತಲ ತಾಲ್ಲೂಕುಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ಅವರೇ ರೆಫರಿ.

ಊಟಕ್ಕೆ ಕೂತಾಗ ಸಾರು ಸಾಕೆಂದು ಅಂಗೈ ಎತ್ತುತ್ತಾರೆ. ಅತ್ತೆ ಇನ್ನೊಂದು ಸೌಟು ಸುರಿಯುತ್ತಾರೆ. ಮಾವ ಮುಷ್ಟಿ ಎತ್ತುತ್ತಾರೆ. ಅದು ಫೌಲ್!

"ನಂಗೇ ಫೌಲ್ ಕೊಡ್ತೀರೇನ್ರೀ? ಬಾಯ್ಬುಟ್ಟು ಹೇಳಕ್ಕೇನು ರೋಗ?"

ನನಗೋ ಕುತೂಹಲ. ಆಟದ ಅಂಕಣದಲ್ಲಿ ಇಬ್ಬರು ರೆಫರಿಗಳು ಅಷ್ಟು ಗಲಾಟೆಯ ನಡುವೆ ಹೇಗೆ ಮಾತಾಡಿಕೊಳ್ಳುತ್ತಾರೆ? ಕೇಳಿಯೇಬಿಟ್ಟೆ.

"ಮಾತೇನ್ ಬಂತು ಕಣ್ಲಾ? ನಾನು ಚೆಂಡು ನೋಡ್ತಿದ್ರೆ ಅವ್ನು ಚೆಂಡಿಲ್ದೋರ ಮೊಣಕೈ ನೋಡ್ತಾನೆ. ಚೆಂಡು ಅವನ್ ಕಡೀಕೋದ್ರೆ ನಾನು ಮೊಣಕೈ ನೋಡ್ತೀನಿ. ಯಾವಾಗ ಬದ್ಲಾಯಿಸ್ಬೇಕು ಅಂತ ಕಣ್ಣೇ ಹೇಳುತ್ತೆ."

"ಇಬ್ರೂ ಚೆಂಡೇ ನೋಡಿದ್ರೆ?"

"ಅಂಗ್ ನೋಡೋರು ಹೊರ್ಗಡೆ ಕೂತು ಚಪ್ಪಾಳೆ ತಟ್ಬೇಕು!"

ಈ 'ಅವ್ನು' ಶಿರಾದ ಕಡಲೆಕಾಯಿ ವ್ಯಾಪಾರಿ, ಮಾವನ ಹಳೆಯ ಗೆಳೆಯ, ಜೊತೆ ರೆಫರಿ. ಕೊರಟಗೆರೆಯ ಒಂದು ಮದುವೆಯಲ್ಲಿ ಮಾವ ಪಂಕ್ತಿಯ ಈ ತುದಿ, ಅವರು ಆ ತುದಿ. ಅವರು ಹೆಬ್ಬೆರಳು ಎತ್ತಿದರು, ಮಾವ ತಲೆಯಾಡಿಸಿದರು, ಇಬ್ಬರೂ ಎಲೆ ಬಿಟ್ಟು ಎದ್ದರು. ಯಾರಿಗೇನಾಯಿತೋ ಎಂದು ನಾನೂ ಗಾಬರಿಯಿಂದ ಓಡಿದೆ. ಅಡುಗೆಮನೆಯಲ್ಲಿ ಇಬ್ಬರೂ ನಿಂತೇ ಹೋಳಿಗೆ ತಿನ್ನುತ್ತಿದ್ದರು! ಪಂಕ್ತಿಯಲ್ಲಿ ಹೋಳಿಗೆ ಮುಗಿದಿತ್ತಂತೆ.

ಹೋದ ವರ್ಷ ಶಿರಾದಲ್ಲಿ ಫೈನಲ್. ಮಾವನ ಕಾರು ಓಡಿಸಿಕೊಂಡು ಹೋದವನು ನಾನು. ಒಂದೇ ಅಂಕದಿಂದ ಹಿಂದಿದ್ದ ಶಿರಾ ತಂಡದ ಆಟಗಾರ ಕೊನೆಗಳಿಗೆಯಲ್ಲಿ ಚೆಂಡೆಸೆದ. ಬುಟ್ಟಿಗೆ ಬಿತ್ತು! ಆದರೆ ಚೆಂಡು ಅವನ ಕೈಯಲ್ಲಿರುವಾಗಲೇ ಸೈರನ್ ಕೂಗಿದ್ದು ನನಗೂ ಕೇಳಿಸಿತ್ತು. ತೀರ್ಪು ಹೇಳಬೇಕಾದವರು ಮಾವನ ಆ ಗೆಳೆಯರು. ಅವರು ಅಂಕ ಕೊಟ್ಟೇಬಿಟ್ಟರು.

ಜನ ಕುಣಿಯತೊಡಗಿದರು. ಮಾವ ಓಡಿಹೋಗಿ, ಜನರಿಗೆ ಬೆನ್ನು ಮಾಡಿ, ಗೆಳೆಯನ ಮುಖದೆದುರು ನಿಂತು ಏನೋ ಅಂದರು. ಗೆಳೆಯರ ಮುಖ ಇಳಿದುಹೋಯಿತು. ಮರುಕ್ಷಣ ತಾವೇ ಎರಡೂ ಕೈ ಬೀಸಿ ಅಂಕ ರದ್ದು ಮಾಡಿದರು.

"ನಮ್ಮೂರೋನಾಗಿ ನಮ್ಗೇ ಕೈ ಕೊಟ್ಬುಟ್ಟ!" ಎಂದು ಜನ ಕೂಗಿದರು.

ಗೆಳೆಯರನ್ನು ಮನೆಗೆ ಬಿಡಲು ಹೊರಟಾಗ ಕಾರಿನಲ್ಲಿ ಕೇಳಿದೆ: "ಅಲ್ಲೇನಂದ್ರಿ ಮಾವ?"

"'ಸೈರನ್ ಕೇಳ್ತಾ?' ಅಂದೆ."

ನಾವು ಮಾತಾಡುತ್ತಿದ್ದುದು ಯಾವುದರ ಬಗ್ಗೆಯೆಂದು ಊಹಿಸಿ, ಗೆಳೆಯರೇ ಬಾಯಿಬಿಟ್ಟರು: "ಕೇಳ್ಲಿಲ್ಲ ಕಣಯ್ಯ. ಈಗೀಗ ನಿನ್ ವಿಷಲ್ಲೂ ಕೇಳಕ್ಕಿಲ್ಲ. ನಿನ್ ಕೈ ನೋಡ್ಕಂಡೇ ಆಟ ನಿಲ್ಲಿಸ್ತಿದ್ದೆ."

ಡಾಕ್ಟರ ಬಳಿ ಹೋಗೋಣವೆಂದರೆ ಸುತರಾಂ ಒಪ್ಪಲಿಲ್ಲ. ಕಡಲೆಕಾಯಿ ಮಂಡಿಯಲ್ಲಿ ಎಲ್ಲರೂ ಕಿವುಡ ಅಂತಾರಂತೆ!

ಮುಂದಿನ ವಾರ ಮಾವ, "ನಂಗೇ ಕಿವಿ ಹೋಗೈತೆ, ಜೊತೇಗ್ ಬಾ" ಎಂದು ಅವರನ್ನು ತುಮಕೂರಿಗೆ ಹೊರಡಿಸಿದರು. ಪರೀಕ್ಷೆಯಲ್ಲಿ ಶಬ್ದ ಕೇಳಿದಾಗಲೆಲ್ಲ ಬೆರಳೆತ್ತಬೇಕು. ಪಾತ್ರೆ ಬಿದ್ದರೆ ಬೆಚ್ಚುವ ನನ್ನ ಮಾವ ಕಲ್ಲಿನಂತೆ ಕೂತರು, ಒಮ್ಮೆಯೂ ಬೆರಳೆತ್ತಲಿಲ್ಲ! ಡಾಕ್ಟರು ಕಂಗಾಲು.

"ಅಯ್ಯೋ ಪಾಪ, ಇವ್ನಿಗಿಂತ ನಾನೇ ವಾಸಿ. ನಂದೂ ನೋಡ್ಬುಡಿ ಸಾರ್" ಎಂದು ಗೆಳೆಯರು ಕುರ್ಚಿಯಲ್ಲಿ ಕೂತರು.

ಅವರ ಕಿವಿಗೆ ಮೆಷಿನ್ ಬಂದ ದಿನ ಮೂವರೂ ಆಸ್ಪತ್ರೆಯ ಮೆಟ್ಟಿಲಿಳಿಯುತ್ತಿದ್ದೆವು. ಗೆಳೆಯರು ಮುಂದೆ. ಮಾವ ಹಿಂದಿನಿಂದ, ಪಕ್ಕದಲ್ಲಿದ್ದ ನನಗೇ ಕೇಳಿಯೂ ಕೇಳದಷ್ಟು ಮೆಲ್ಲಗೆ, "ಕಾಫಿ ಕುಡಿಯಾಣೇನ್ಲಾ?" ಅಂದರು.

"ಕುಡಿಯಾಣ. ಅದಕ್ಯಾಕಂಗ್ ಕಿರುಚ್ತೀಯಾ?" ಎಂದರು ಗೆಳೆಯರು, ತಿರುಗಿಯೂ ನೋಡದೆ.

ಮಾವ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.