ಸ್ವಲ್ಪ ಬರ್ತದ್ರಿ

ನನಗೆ ಇಂಗ್ಲಿಷ್ ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಬ್ಯಾಂಕಿನ ಫಾರಂ ತುಂಬುತ್ತೇನೆ, ಸಿಟ್ಟು ಬಂದರೆ ಮೊಬೈಲ್ ಕಂಪನಿಯವರೊಡನೆ ಜಗಳವನ್ನೂ ಆಡುತ್ತೇನೆ. ಬಾರದ್ದು ಒಂದೇ ಮಾತು: ‘ನನಗೆ ಈ ಕೆಲಸ ಚೆನ್ನಾಗಿ ಬರುತ್ತದೆ’ ಎನ್ನುವುದು. ಅದನ್ನು ಇಂಗ್ಲಿಷಿನಲ್ಲಿ, ನಾಲ್ಕು ಜನರೆದುರು, ತೊದಲದೆ ಹೇಳಬೇಕೆಂಬುದು ನನ್ನ ಬಹುಕಾಲದ ಆಸೆ. ಹೈದರಾಬಾದಿಗೆ ಬಂದು ತೆಲುಗು ಕಲಿತೆ, ಬೇಗಂ ಬಜಾರಿನಲ್ಲಿ ಚೌಕಾಸಿ ಮಾಡುವಷ್ಟು ಹಿಂದಿ ಕಲಿತೆ. ಇದೊಂದು ಮಾತ್ರ ಗಂಟಲಲ್ಲೇ ಉಳಿಯಿತು. ಎಲ್ಲ ಆ ಇಂಗ್ಲಿಷಿನದೇ ಕಿತಾಪತಿ ಎಂದು ನಂಬಿದ್ದೆ.

ಹಿಮಾಯತ್‌ನಗರದ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗೆ ಇಂಕು ಬೆರೆಸುವುದು ನನ್ನ ಕೆಲಸ. ಮದುಮಗಳ ತಾಯಿ ಸೀರೆ ತಂದು, ಕಾರ್ಡು ಈ ಸೆರಗಿನ ಬಣ್ಣದ್ದೇ ಆಗಬೇಕು ಎಂದರೆ, ಒಣಗಿದ ಮೇಲೆ ಅದು ಎಷ್ಟು ಮಂಕಾದೀತು ಎಂಬುದನ್ನೂ ಅಂದಾಜು ಮಾಡಿ ಕಲಸಿಕೊಡುತ್ತೇನೆ. ಈಚೆಗೆ ಮಾಲೀಕರ ಮಗ ಓದು ಮುಗಿಸಿ ಬಂದು ಕಾರುಬಾರು ವಹಿಸಿಕೊಂಡರು. ಬಣ್ಣದ ವಿಭಾಗಕ್ಕೊಬ್ಬ ಮುಖ್ಯಸ್ಥ ಬೇಕು, ಯಾರಿಗೆ ಏನು ಬರುತ್ತದೆಂದು ಸಭೆಯಲ್ಲಿ ಎಲ್ಲರೆದುರು ಇಂಗ್ಲಿಷಿನಲ್ಲಿ ಹೇಳಿ ಎಂದರು. ಕಾಲೇಜಿಗೆ ಹೋಗುವ ನನ್ನ ಮಗಳು ಗೌರಿ ಒಂದು ವಾಕ್ಯ ಬರೆದುಕೊಟ್ಟಳು: ‘ಐ ಆಮ್ ಎನ್ ಎಕ್ಸ್‌ಪರ್ಟ್ ಇನ್ ಕಲರ್ ಮ್ಯಾಚಿಂಗ್.’ ನಾಂಪಲ್ಲಿಯಿಂದ ಬಸ್ಸಿನಲ್ಲಿ ಅದನ್ನೇ ಜಪಿಸುತ್ತಾ ಹೋದೆ. ಸಭೆಯಲ್ಲಿ ಎದ್ದು ನಿಂತದ್ದೂ ಆಯಿತು. ‘ಎಕ್ಸ್‌ಪರ್ಟ್’ ಎನ್ನಬೇಕು, ಅಷ್ಟರಲ್ಲಿ ಕಲಬುರಗಿಯ ನಮ್ಮವ್ವ ನೆನಪಾದಳು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಹೇಳಿ ಹೇಳಿ ಬೆಳೆಸಿದವಳು. ‘ಐ ನೋ ಲಿಟಲ್ ಲಿಟಲ್, ಸರ್’ ಎಂದು ಕೂತುಬಿಟ್ಟೆ.

ಚಿಕ್ಕ ಮಾಲೀಕರು ಅದನ್ನು ಹಾಗೆಯೇ ಬರೆದುಕೊಂಡರು. ಪಕ್ಕದ ಶ್ರೀನಿವಾಸ್ ಕಳೆದ ದಸರೆಗೆ ಸೇರಿದವ, ಇಂಕು ಕಲಸುವ ಚಾಕು ಹಿಡಿಯಲು ನನ್ನಿಂದಲೇ ಕಲಿತವ. ಅವನು ‘ಎಕ್ಸ್‌ಪರ್ಟ್’ ಎಂದು ಮೂರು ಸಲ ಅಂದ. ಅವನು ಮುಖ್ಯಸ್ಥನಾದ, ನನ್ನನ್ನು ಹೊಸಬರ ಜೊತೆ ಕಲಿಯಲೆಂದು ತರಬೇತಿಗೆ ಕೂರಿಸಿದರು. ಖಾಲಿ ಕೊಡವೂ ತುಳುಕುವುದಿಲ್ಲ ಎಂಬುದು ಪಾಪ ಅವ್ವನಿಗೆ ಹೊಳೆದಿರಲಿಲ್ಲ. ಈಗಲೂ ಸೀರೆ ಬಂದರೆ ಶ್ರೀನಿವಾಸ್ ಸದ್ದಿಲ್ಲದೆ ನನ್ನ ಬಳಿಗೇ ತರುತ್ತಾನೆ. ಬಣ್ಣ ಒಪ್ಪಿಗೆಯಾದರೆ ಚಿಕ್ಕ ಮಾಲೀಕರು ಅವನ ಬೆನ್ನು ತಟ್ಟುತ್ತಾರೆ. ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ನೀವು ನಂಬಬೇಡಿ. ಆ ಕೈ ಒಮ್ಮೆಯಾದರೂ ನನ್ನ ಬೆನ್ನ ಮೇಲೆ ಬೀಳಲಿ ಎಂದು ಜೀವ ಹಂಬಲಿಸುತ್ತದೆ.

ಮೊನ್ನೆ ಭಾನುವಾರ ಗೌರಿಯ ಮುಂದೆ ಕೂತು ಇಂಗ್ಲಿಷನ್ನು ಮನಸಾರೆ ಬೈದೆ. ಅವಳು ಎಲ್ಲ ಕೇಳಿ ಮೊಬೈಲು ಕೆಳಗಿಟ್ಟಳು.

“ಅಪ್ಪಾ, ಇಂಗ್ಲಿಷ್ ಇರ್ಲಿ. ಕನ್ನಡದಾಗ ಹೇಳು ನೋಡೋಣ, ಬಣ್ಣ ಬೆರಸೋದು ನಿನಗ ಎಷ್ಟು ಬರ್ತದ?”

ಮನೆಯಲ್ಲಿದ್ದವರು ನಾವಿಬ್ಬರೇ. ಗಂಟಲು ಸರಿಮಾಡಿಕೊಂಡೆ.

“ಏನೋ, ಸ್ವಲ್ಪ ಸ್ವಲ್ಪ ಬರ್ತದವ್ವಾ.”

ಇಷ್ಟು ವರ್ಷ ಇಂಗ್ಲಿಷಿಗೆ ಹಿಡಿಶಾಪ ಹಾಕಿದ್ದೆ. ಅದರ ತಪ್ಪೇನೂ ಇರಲಿಲ್ಲ. ಈಗ ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯೆದುರು ಕನ್ನಡದಲ್ಲೇ ಅಭ್ಯಾಸ ನಡೆಸಿದ್ದೇನೆ. ‘ನನಗೆ ಬಣ್ಣ ಬೆರೆಸಲು’ ಎನ್ನುವವರೆಗೆ ದನಿ ಗಟ್ಟಿಯಾಗಿಯೇ ಇರುತ್ತದೆ. ಮುಂದಿನ ಮಾತು ಬರುವಷ್ಟರಲ್ಲಿ ಬಾಯಿಗೂ ಸೇರಿಸಿ ನೊರೆ ಹಚ್ಚಿಕೊಂಡುಬಿಡುತ್ತೇನೆ.