ಕೋಳಿಗೆ ಮೂರು, ಮೀನಿಗೆ ಎರಡು

ನಾನು ಕೈ ಹಾಕೋಕೆ ಮೊದಲು ಆ ಸಾಮಾನು ಚೆನ್ನಾಗೇ ಇತ್ತು ಅನ್ನೋ ಮಾತು ದಾವಣಗೆರೆಯ ನಮ್ಮ ಓಣಿಯಲ್ಲಿ ದಿನಕ್ಕೆ ಒಂದು ಮನೆಯಿಂದಾದರೂ ಕೇಳುತ್ತೆ. ಎಸ್ಸೆಸ್ಸೆಲ್ಸಿ ಎರಡು ಸಲ ಬರೆದು, ಮೂರನೇ ಸಲ ಹಾಲ್ ಟಿಕೆಟ್ಟನ್ನೇ ಗಾಳಿಪಟಕ್ಕೆ ಬಾಲ ಮಾಡಿದವನು ನಾನು. ಎದುರುಬದುರು ಮನೆಗಳ ಕಾಲಿಂಗ್ ಬೆಲ್ ತಂತಿ ಅದಲುಬದಲು ಮಾಡಿ, ಈ ಮನೆ ಬೆಲ್ ಒತ್ತಿದರೆ ಆ ಮನೆಯವರು ಬಾಗಿಲು ತೆಗೆಯೋ ಹಾಗೆ ಮಾಡಿದವನೂ ನಾನೇ. ಅದನ್ನೆಲ್ಲ ನೆನೆಸಿಕೊಂಡರೆ ಈಗಲೂ ನಗು ಬರುತ್ತೆ. ಇಲ್ಲಿ ಬರೆಯೋದನ್ನು ನೆನೆಸಿಕೊಂಡರೆ ಮಾತ್ರ ಮೊದಲು ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತೆ. ನಗು ಏನಿದ್ದರೂ ಆಮೇಲೆ.

ನಂಬಿದ ಮನುಷ್ಯ

ನಮ್ಮಕ್ಕನ ಗಂಡನಿಗೆ ಹರಿಹರದಲ್ಲಿ ಒಂದು ಸಣ್ಣ ಖಾನಾವಳಿ ಐತೆ. ಎದುರಿಗೆ ಥಳಥಳ ದೀಪದ ಇನ್ನೊಂದು ಹೋಟ್ಲು ಆದ ಮೇಲೆ ಗಿರಾಕಿಗಳು ರಸ್ತೆ ದಾಟಿಬಿಟ್ಟರು. ಭಾವ ಒಂದಿನ ಅಕ್ಕನ ಜೊತೆ ನಮ್ಮನೆಗೆ ಬಂದು, ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಯಾವನೋ ಫಾರಿನ್ನಿನವನು ಪೆಟ್ಟಿಗೆಯೊಳಗೆ ಕೋಳಿ ನೇತುಹಾಕಿ, ಕರೆಂಟಿನಿಂದ ಸಣ್ಣಗೆ ಕಾಯಿಸಿ, ಹೊಗೆಯಲ್ಲೇ ಬೇಯಿಸ್ತಿದ್ದ.

"ಇಂಥದ್ದೊಂದು ಮಾಡಿಕೊಡ್ತೀಯೇನೋ? ನಿನ್ನ ತಲೆ ಚಲೋ ಐತೆ."

ನನ್ನ ತಲೆ ಬಗ್ಗೆ ಅಂಥ ಮಾತನ್ನ ನಾನು ಹುಟ್ಟಿದಾಗಿನಿಂದ ಯಾರೂ ಆಡಿರಲಿಲ್ಲ. ಅಕ್ಕ ನನ್ನನ್ನ ಬಚ್ಚಲು ಕಡೆ ಎಳೆದುಕೊಂಡು ಹೋಗಿ, "ಅವ್ರು ಇದೊಂದನ್ನೇ ನಂಬ್ಯಾರೆ. ಇದೂ ಕೈಕೊಟ್ರೆ ಅಂಗಡಿ ಬಾಗಿಲು ಹಾಕೋದೇ. ನಿನ್ನ ಕಿತಾಪತಿ ಇದ್ರಾಗೆ ಬ್ಯಾಡ" ಅಂದಳು.

"ಅಮ್ಮನಾಣೆ ಇಲ್ಲ" ಅಂದೆ.

"ಅಮ್ಮನ್ನ ಇದಕ್ಕೆ ಎಳೀಬ್ಯಾಡ. ಆಕಿ ಇನ್ನೂ ಬದುಕಬೇಕು."

ಹಪ್ಪಳಗಳ ಪರೀಕ್ಷೆ

ನಿಜಲಿಂಗಪ್ಪ ಬಡಾವಣೆಯಲ್ಲಿ ಒಬ್ಬರು ಆಂಟಿ ಮನೆಯ ಹಳೇ ಫ್ರಿಜ್ಜು ಕೆಟ್ಟು ಮೂಲೆಗೆ ಬಿದ್ದಿತ್ತು. ಅವರದು ಮೊಟ್ಟೆ ಕೂಡ ಮುಟ್ಟದ ಮನೆ. "ಹೂವಿನ ಅಂಗಡಿಗೆ ಬೇಕಿತ್ತು ಆಂಟಿ, ಹೂವು ಇಡೋಕೆ" ಅಂತ ಸುಳ್ಳು ಹೇಳಿ ತಂದೆ. ಒಳಗಿನ ಪ್ಲಾಸ್ಟಿಕ್ಕು ಕಿತ್ತು ಸ್ಟೀಲ್ ತಗಡು ಹೊಡೆದೆ. ತಳದಲ್ಲಿ ಕರೆಂಟ್ ಒಲೆಯ ಕಾಯಿಲ್ಲು, ಅದರ ಮೇಲೆ ಮಾವಿನ ಕಟ್ಟಿಗೆ ಚಕ್ಕೆ ಸುಡೋ ತಟ್ಟೆ, ಮೇಲೆ ನಾಲ್ಕು ಜಾಲರಿ.

ಕಾವು ಎಲ್ಲ ಕಡೆ ಒಂದೇ ಸಮ ಐತೋ ಇಲ್ಲವೋ ನೋಡಬೇಕಲ್ಲ? ಕೋಳಿ ಹಾಳು ಮಾಡೋದು ಬೇಡ ಅಂತ ಅಮ್ಮ ಡಬ್ಬಿ ತುಂಬಿಸಿಟ್ಟಿದ್ದ ಹಪ್ಪಳ ತಂದು ಒಂದೊಂದು ಜಾಲರಿಗೆ ಒಂದೊಂದು ಇಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆದರೆ ಕೆಳಗಿನದು ಇದ್ದಿಲು, ಎರಡನೆಯದು ಹದ, ಮೂರನೆಯದು ಬಾಗಿಲ ಕಡೆ ಹಸಿ, ಹಿಂದುಗಡೆ ಸುಟ್ಟಿದ್ದು. ಮೇಲಿನದು ಅಮ್ಮನ ಡಬ್ಬಿಯಲ್ಲಿ ಹೆಂಗಿತ್ತೋ ಹಂಗೇ ಐತೆ. ಹೀಗೇ ಇಟ್ಟು ತೆಗೆದು ಡಬ್ಬಿ ಖಾಲಿಯಾಯ್ತು, ಕಾವು ಮಾತ್ರ ಸಮ ಆಗಲಿಲ್ಲ.

ಅಮ್ಮ ಬಂದು, "ಹಪ್ಪಳ ಎಲ್ಲಿ ಹೋದ್ವೋ?" ಅಂದಳು.

"ಪರೀಕ್ಷೆಗೆ ಕೂತಿದ್ವು. ನಾಲ್ಕರಲ್ಲಿ ಒಂದೇ ಪಾಸು."

ಅಮ್ಮ ಕರಿ ಹಪ್ಪಳ ಎತ್ತಿ ನೋಡಿದಳು. "ಹೋಗ್ಲಿ ಬಿಡು. ಈ ಮನ್ಯಾಗೆ ಒಂದಾದ್ರೂ ಪಾಸಾತಲ್ಲ."

ರೆಗ್ಯುಲೇಟರಿಗೆ ಹಾರ

ಕಾವು ಹೆಚ್ಚುಕಮ್ಮಿ ಮಾಡೋಕೆ ಹಳೇ ಗೀಸರಿನ ಥರ್ಮೋಸ್ಟಾಟ್ ಹಾಕಿದ್ದೆ. ಭಾವ ಟೆಂಪೋ ತಗೊಂಡು ಬರೋ ದಿನವೇ ಅದು ಟಪ್ ಅಂದು ಸತ್ತುಹೋಯ್ತು. ಟೆಂಪೋ ಓಣಿ ತಿರುವಿನಲ್ಲಿ ಹಾರ್ನ್ ಹೊಡೀತಾ ಐತೆ. ಗುಜರಿ ಡಬ್ಬದಲ್ಲಿ ಫ್ಯಾನಿನ ಒಂದು ರೆಗ್ಯುಲೇಟರ್ ಸಿಕ್ತು. ಬೆಳ್ಳಗಿತ್ತು, ಒಂದರಿಂದ ಐದರವರೆಗೆ ನಂಬರ್ ಬೇರೆ. ಎರಡು ಸ್ಕ್ರೂ ಹೊಡೆದು ಬಾಗಿಲಿಗೆ ಕೂರಿಸಿದೆ. ತಂತಿ ಗಿಂತಿ ಏನೂ ಇಲ್ಲ, ಕಾಯಿಲ್ಲಿಗೆ ಕರೆಂಟು ನೇರ ಪ್ಲಗ್ಗಿನಿಂದಲೇ. ಭಾವ ತಿರುಗಿಸಿ ನೋಡ್ತಾರೆ, ಮೋಸ ಅಂತ ಗೊತ್ತಾಗುತ್ತೆ, ಇಬ್ಬರೂ ನಕ್ಕು ಆಮೇಲೆ ಸರಿಯಾದ್ದು ಹಾಕೋಣ ಅಂದುಕೊಂಡೆ.

"ಇದು ಏನೋ?"

"ಕಾವಿಂದು ಭಾವ. ಕೋಳಿಗೆ ಮೂರು, ಮೀನಿಗೆ ಎರಡು."

ಭಾವ ನಗಲಿಲ್ಲ. ರೆಗ್ಯುಲೇಟರನ್ನ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಿಜ ಹೇಳಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವರು, "ಹಗ್ಗ ಹಿಡಿಯೋ" ಅಂದರು. ಹಗ್ಗ ಹಿಡಿದೆ.

ಆಯುಧಪೂಜೆಗೆ ಹರಿಹರಕ್ಕೆ ಹೋದರೆ, ಪೆಟ್ಟಿಗೆಗೆ ಒಂದು ಹೂವು, ಗಲ್ಲಾಪೆಟ್ಟಿಗೆಗೆ ಒಂದು ಹೂವು. ರೆಗ್ಯುಲೇಟರಿಗೆ ಮಾತ್ರ ಹಾರ.

ಅಮಾವಾಸ್ಯೆ, ಹುಣ್ಣಿಮೆ

"ಹೊಗೆ ಕೋಳಿ" ಅಂತ ಬೋರ್ಡು ಹಾಕಿದರು. ಪೆಟ್ಟಿಗೆಯನ್ನ ಅಂಗಡಿ ಮುಂದೆಯೇ, ಗಿರಾಕಿಗಳಿಗೆ ಕಾಣೋ ಹಾಗೆ ಇಟ್ಟರು. ನೋಡೋಕೆ ಜನ ಬಂದರು. ತಿಂದ ಮೇಲೆ ನೋಡೋಕೂ ಬರಲಿಲ್ಲ.

ಒಬ್ಬ ಆಟೋದವನು ತಟ್ಟೆಯಲ್ಲಿ ಲೆಗ್ ಪೀಸನ್ನ ಮಗುಚಿ ಮಗುಚಿ ನೋಡಿ ಕರೆದ: "ಯಜಮಾನ್ರೇ, ಏನ್ರಿ ಇದು? ಈ ಕಡೆ ಅಮಾಸೆ, ಆ ಕಡೆ ಹುಣ್ಣಿಮೆ! ನಾನು ಯಾವ ತಿಥಿಯಾಗೆ ಬಾಯಿ ಇಡ್ಲಿ?"

ಆಗಾಗ ಕೈ ಕೂಡಿಸೋಕೆ ಹೋಗ್ತಿದ್ದ ನಾನು ಅಲ್ಲೇ ಲೋಟ ತೊಳೀತಿದ್ದೆ. ಭಾವ ಎಲ್ಲಿ ನನ್ನ ಕಡೆ ತಿರುಗ್ತಾರೋ ಅಂತ ಬೆನ್ನು ಮಾಡಿ ನಿಂತೆ. ಅವರು ಆಟೋದವನಿಗೆ ಕೈ ಮುಗಿದು, "ಪೆಟ್ಟಿಗಿದು ತಪ್ಪಿಲ್ರಿ, ನಮ್ಮ ಹುಡುಗ ಭಾಳ ಚಲೋ ಮಾಡ್ಯಾನೆ. ನನಗೇ ಇನ್ನೂ ನಂಬರ್ ಕೈ ಹಿಡಿದಿಲ್ಲ" ಅಂದರು. ಆಮೇಲೆ ಒಂದು ನೋಟುಪುಸ್ತಕ ತೆಗೆದು ಬರೆದುಕೊಂಡರು: "ಮೋಡ ಇದ್ದ ದಿನ ಮೂರು ಬ್ಯಾಡ, ಮೂರೂಕಾಲು."

ನಾನು ಅದೇ ಲೋಟವನ್ನ ನಾಲ್ಕು ಸಲ ತೊಳೆದೆ. ಅಕ್ಕ ನೋಡಿ, "ಏನೋ, ಮೈಯಾಗೆ ಹುಷಾರಿಲ್ಲೇನು?" ಅಂದಳು.

ಹೂವಿನ ಫ್ರಿಜ್ಜು

ಒಂದು ಸೋಮವಾರ ನಿಜಲಿಂಗಪ್ಪ ಬಡಾವಣೆಯ ಆಂಟಿ ಹರಿಹರದ ದೇವಸ್ಥಾನಕ್ಕೆ ಬಂದವರು ನಮ್ಮ ಅಂಗಡಿ ಮುಂದೆ ಗಕ್ಕನೆ ನಿಂತರು. ಫ್ರಿಜ್ಜಿನ ಬಾಗಿಲ ಮೇಲೆ ಅವರೇ ಅಂಟಿಸಿದ್ದ ಶಿವನ ಸ್ಟಿಕ್ಕರ್ ಹಾಗೇ ಇತ್ತು. ಬಾಗಿಲು ಅರ್ಧ ತೆಗೆದಿತ್ತು. ಒಳಗೆ ಆರು ಕೋಳಿ.

"ಇದು ನಮ್ಮ ಫ್ರಿಜ್ಜಲ್ಲೇನೋ? ಹೂವು ಇಡಾಕೆ ಅಂದಿದ್ದೆಯಲ್ಲ?"

ನಾನು ತಲೆ ತಗ್ಗಿಸಿ, "ಹೂವಿನ ಸೀಸನ್ ಇನ್ನೂ ಶುರುವಾಗಿಲ್ಲ ಆಂಟಿ" ಅಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವತ್ತು ಅವರು ಫ್ರಿಜ್ಜು ಪುಕ್ಕಟೆ ಕೊಟ್ಟು, ಬಿಸಿಲಾಗೆ ಬಂದೀಯ ಅಂತ ಮಜ್ಜಿಗೆಯನ್ನೂ ಕೊಟ್ಟಿದ್ದರು.

"ಆ ಸ್ಟಿಕ್ಕರ್ ಆದ್ರೂ ಕಿತ್ತು ಕೊಡು."

ಉಗುರಲ್ಲಿ ಕೆರೆದೆ. ಕಾವಿಗೆ ಬಾಗಿಲಿಗೇ ಹತ್ತಿಕೊಂಡುಬಿಟ್ಟಿತ್ತು, ಏಳಲೊಲ್ಲದು. ಬೆವರು ಇಳೀತು. ಆಂಟಿ ಸುಮಾರು ಹೊತ್ತು ನೋಡಿ ನಿಟ್ಟುಸಿರು ಬಿಟ್ಟರು.

"ಇರ್ಲಿ ಬಿಡು. ಸ್ಮಶಾನದಾಗೆ ಇರೋ ದೇವ್ರು. ಹೊಗೆ ಅವನಿಗೇನು ಹೊಸದಲ್ಲ."

ಮರಳು

ಒಂದಿನ ಭಾವನ ಫೋನು. "ಬಾರೋ, ಬಂದು ನೋಡೋ! ಎರಡೂವರೆಗೆ ಇಟ್ಟೆ, ಎಲ್ಲಾ ಒಂದೇ ಸಮ ಬೆಂದೈತೆ!"

ತಂತಿಯೇ ಇಲ್ಲದ್ದು ಎರಡೂವರೆಗೆ ಹೆಂಗೆ ಕೆಲಸ ಮಾಡುತ್ತೆ? ಬಸ್ ಹತ್ತಿ ಹೋದೆ. ನಿಜವೇ. ಕೆಳಗಿನ ಕೋಳಿ, ಮೇಲಿನ ಕೋಳಿ, ಬಾಗಿಲ ಪಕ್ಕದ್ದು, ಎಲ್ಲವೂ ಒಂದೇ ಕೆಂಪು. ಎದುರಿನ ಹೋಟ್ಲಿಂದ ಗಿರಾಕಿಗಳು ರಸ್ತೆ ದಾಟಿ ವಾಪಸ್ ಬರ್ತಿದ್ದರು. ಭಾವ ಆ ಕಡೆ ಹೋದಾಗ ಬಗ್ಗಿ ನೋಡಿದೆ. ಕಾಯಿಲ್ಲಿನ ಮೇಲೆ ಅಗಲವಾದ ಒಂದು ಕಬ್ಬಿಣದ ತಟ್ಟೆ, ಅದರ ತುಂಬ ಮರಳು.

ಹಿಂದೆ ಭಾವನ ತಾಯಿ ನಿಂತಿದ್ದರು. ಮದುವೆಗೆ ಮೊದಲು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿದವರು.

"ಮಂಡಕ್ಕಿ ಬೆಂಕಿಯಿಂದ ಅರಳಲ್ಲಪ್ಪ, ಮರಳಿನಿಂದ ಅರಳುತ್ತೆ. ಬೆಂಕಿ ಮಖ ನೋಡಿ ಕೊಡುತ್ತೆ. ಮರಳು ಎಲ್ಲರಿಗೂ ಒಂದೇ ಸಮ ಹಂಚುತ್ತೆ."

"ಕಾವು ಜಾಸ್ತಿ ಆದ್ರೆ ಏನು ಮಾಡ್ತೀರಿ ಅತ್ತೆ?"

"ಪ್ಲಗ್ ಕೀಳ್ತೀನಿ. ಕಮ್ಮಿ ಆದ್ರೆ ಹಾಕ್ತೀನಿ." ಆಮೇಲೆ ದನಿ ಇಳಿಸಿದರು. "ಆ ಬಿಳೇದ್ರ ಹಿಂದೆ ಕೈಯಾಡಿಸಿ ನೋಡೀನಿ. ತಂತಿ ಐತೇನು?"

ನೆಲ ಬಾಯಿ ಬಿಡಬಾರದಾ ಅನ್ನಿಸಿತು. "ಭಾವಗೆ ಹೇಳ್ತೀರಾ?"

"ನಾನ್ಯಾಕೆ ಹೇಳ್ಲಿ? ಅಂಟಿಸಿದವನು ನೀನು. ಹೇಳೋ ತನಕ ಇಲ್ಲಿ ನಿನಗೆ ನೀರು ಐತೆ, ಊಟ ಇಲ್ಲ."

ಅಮ್ಮನಾಣೆ

ಮುಂದಿನ ಭಾನುವಾರ ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ. ಅಂಗಡಿ ತುಂಬಿತ್ತು. ಕೊಕ್ಕನೂರಿನಿಂದ ಬಂದಿದ್ದ ಒಬ್ಬ ಹೋಟ್ಲು ಮಾಲೀಕರಿಗೆ ಭಾವ ನೋಟುಪುಸ್ತಕ ಹಿಡಿದು ಪಾಠ ಮಾಡ್ತಿದ್ದರು. "ಗಾಳಿ ಬೀಸಿದ್ರೆ ಎರಡೂಮುಕ್ಕಾಲು ನೋಡ್ರಿ. ಒಂದು ಕೂದಲೆಳೆ ಆಚೆ ಹೋದ್ರೂ ಕೆಟ್ಟಂಗೆ."

"ಭಾವ, ಅದಕ್ಕೆ ತಂತಿ ಇಲ್ಲ" ಅಂದೆ.

ಭಾವ ಗಹಗಹಿಸಿ ನಕ್ಕರು. "ಬಂದ ನೋಡ್ರಿ ನಮ್ಮ ತಮಾಷೆಗಾರ!"

"ಅಮ್ಮನಾಣೆ ಭಾವ."

"ನನ್ನ ಮದುವೆ ದಿನಾನೂ ನೀನು ಅಮ್ಮನಾಣೆ ಅಂದಿದ್ದೆ. ಹೆಣ್ಣು ವಾಪಸ್ ಬಸ್ ಹತ್ತಿದ್ಲು ಅಂದೆ. ಬಾಸಿಂಗ ಕಟ್ಟಿಕೊಂಡು ಬಸ್‌ಸ್ಟ್ಯಾಂಡ್ ತನಕ ಓಡಿದವನು ನಾನು!"

ಕೂತವರೆಲ್ಲ ನಕ್ಕರು. ಜೀವನದಲ್ಲಿ ಮೊದಲ ಸಲ ನಾನು ನಗಿಸಬಾರದು ಅಂತ ಬಂದಿದ್ದೆ, ಮೊದಲ ಸಲ ಇಷ್ಟು ಜನ ನಕ್ಕರು. ಬೇರೆ ದಾರಿ ಇರಲಿಲ್ಲ. ಸ್ಕ್ರೂಡ್ರೈವರ್ ತೆಗೆದು ರೆಗ್ಯುಲೇಟರ್ ಕಿತ್ತು ಭಾವನ ಅಂಗೈ ಮೇಲೆ ಇಟ್ಟೆ.

ಭಾವ ಅದನ್ನ ಮಗುಚಿದರು. ಹಿಂದೆ ನೋಡಿದರು, ಮುಂದೆ ನೋಡಿದರು. ಅಭ್ಯಾಸಕ್ಕೆ ಒಂದು ಸಲ ಮೂರಕ್ಕೆ ತಿರುಗಿಸಿದರು. ನೋಟುಪುಸ್ತಕ ಮೆಲ್ಲಗೆ ಮುಚ್ಚಿದರು. ಅದನ್ನು ನೋಡಲಾಗದೆ ನನಗೆ ಅಳು ಬಂತು.

"ಹಂಗಾದ್ರೆ ಇಷ್ಟು ದಿನ ಬೇಯಿಸಿದ್ದು ಯಾರು?"

ಒಳಗಿಂದ ಅತ್ತೆ ಪ್ಲಗ್ ಹಿಡಿದುಕೊಂಡು ಬಂದರು. "ನಾನು. ತಳಕ್ಕೆ ಮರಳು ಹಾಕಿ, ಪ್ಲಗ್ ಹಾಕಿ ಕಿತ್ತು. ಆದ್ರೆ ಆ ಬಿಳೇದನ್ನ ಎಸೀಬ್ಯಾಡ ಮಗ. ನೀನು ಅದನ್ನ ತಿರುವ್ತಾ ಕೂತಿದ್ದಕ್ಕೇ ನನ್ನ ಪ್ಲಗ್ಗಿಗೆ ಕೈ ಹಾಕ್ಲಿಲ್ಲ. ಕೋಳಿ ಬೆಂದಿದ್ದೇ ಅದ್ರಿಂದ."

ಭಾವ ನನ್ನ ಕೈಯಿಂದ ಸ್ಕ್ರೂಡ್ರೈವರ್ ಇಸಕೊಂಡು ತಾವೇ ರೆಗ್ಯುಲೇಟರನ್ನ ವಾಪಸ್ ಕೂರಿಸಿದರು. "ಇರ್ಲಿ. ಕೆಲಸಕ್ಕೆ ಬಾರದ್ದನ್ನೆಲ್ಲ ಕಿತ್ತು ಎಸೆಯೋ ಹಂಗಿದ್ರೆ ಮೊದ್ಲು ನಿನ್ನ ಎಸೀಬೇಕಿತ್ತು."

ಅತ್ತೆ, "ಕೈ ತೊಳ್ಕೊ, ಊಟಕ್ಕೆ ಕೂಡು" ಅಂದರು.

ತಲೆ ಎತ್ತದೆ ಕೈ ತೊಳೆಯೋಕೆ ಹೋದೆ. ಕೊಕ್ಕನೂರಿನ ಮಾಲೀಕರು ಹಿಂದೆಯೇ ಬಂದು ಕಿವಿಯಲ್ಲಿ ಪಿಸುಗುಟ್ಟಿದರು.

"ತಮ್ಮಾ, ನನಗೂ ಒಂದು ಪೆಟ್ಟಿಗೆ ಮಾಡಿಕೊಡು. ಮರಳು ನಾನೇ ಹಾಕ್ಕೋತೀನಿ. ತಂತಿ ಇಲ್ಲದ ಆ ಬಿಳೇದು ಮಾತ್ರ ಮರೀಬ್ಯಾಡ."

"ಅದು ಯಾಕ್ರಿ?"

"ನಮ್ಮಪ್ಪ ದಿನಾ ಒಲೆ ಹತ್ರ ಬಂದು ಕೂತು ಉರಿ ಹೆಚ್ಚುಕಮ್ಮಿ ಮಾಡ್ತಾನೆ" ಅಂದು, ಸುತ್ತ ನೋಡಿ ಇನ್ನೂ ದನಿ ಇಳಿಸಿದರು. "ಐದು ನಂಬರ್ ಸಾಲಲ್ಲ. ಅವನಿಗೆ ಹತ್ತು ಹಾಕು."