ಅವ್ವನ ಕಿಟಕಿಗೆ ಕುಸುಬಿ ಎಣ್ಣೆ

ನಮ್ಮ ಮನೆಯಲ್ಲಿ ಇಕ್ಕಳ ಎಲ್ಲಿದೆ ಎಂಬುದು ನನಗೆ ಗೊತ್ತಿಲ್ಲ. ಅದನ್ನು ನನ್ನ ಹೆಂಡತಿ ಬಚ್ಚಿಟ್ಟಿದ್ದಾಳೆ. ಬೇರೆಯವರ ಮನೆಗಳಲ್ಲಿ ಹೆಂಗಸರು ಗಂಡಸರ ಕಣ್ಣಿಗೆ ಬೀಳದಂತೆ ಬೇಸನ್ ಉಂಡಿ ಬಚ್ಚಿಡುತ್ತಾರೆ, ತಂಗಿಗೆ ಕೊಡಬೇಕಾದ ಸೀರೆ ಬಚ್ಚಿಡುತ್ತಾರೆ. ನನ್ನಾಕೆ ಉಂಡಿಯ ಡಬ್ಬಿಯನ್ನು ಬಯಲಲ್ಲೇ ಇಟ್ಟು, ಇಕ್ಕಳ, ಸುತ್ತಿಗೆ, ಮೊಳೆಗಳನ್ನು ಎಲ್ಲಿ ಸೇರಿಸುತ್ತಾಳೋ ಆ ದೇವರೇ ಬಲ್ಲ. ಅವಳದೇನೂ ತಪ್ಪಿಲ್ಲ ಅನ್ನಿ. ನಾನು ಒಮ್ಮೆ ಬಿಚ್ಚಿ ಕೂಡಿಸಿದ ಮೇಲೆ ನಮ್ಮ ಗಡಿಯಾರ ನಡೆಯುತ್ತದೆ, ನಡೆಯುವುದಿಲ್ಲ ಎಂದಲ್ಲ. ಆದರೆ ಅದನ್ನು ಬೋರಲು ಮಲಗಿಸಿದರೆ ಮಾತ್ರ ನಡೆಯುತ್ತದೆ. ಹೊತ್ತು ಎಷ್ಟಾಯಿತು ಎಂದು ನೋಡಲು ಎತ್ತಿದರೆ ನಿಂತುಬಿಡುತ್ತದೆ. ಸ್ಟೋವಿನ ಕಥೆ ನಾನು ಹೇಳುವುದಿಲ್ಲ. ಹುಬ್ಬು ಮತ್ತೆ ಬೆಳೆದಿದೆ, ಅಷ್ಟು ಸಾಕು. ಕಚೇರಿಯಲ್ಲಿ ನಾನು ಕಾರಕೂನ. ದಿನವಿಡೀ ಮಂದಿಯ ಕಾಗದಗಳನ್ನು ಈ ಮೇಜಿನಿಂದ ಆ ಮೇಜಿಗೆ ಸರಿಸುವವನಿಗೆ, ಮನೆಗೆ ಬಂದ ಮೇಲಾದರೂ ಕೈಗೆ ಒಂದು ಗಟ್ಟಿ ಕೆಲಸ ಬೇಕು ಎನಿಸುವುದು ಸಹಜ.

ಈಗ ಹೇಳಹೊರಟದ್ದು ಕಿಟಕಿಯ ವಿಷಯ. ಎರಡನೆಯ ಮಹಾಯುದ್ಧ ನಡೆದಿದ್ದ ಆ ವರ್ಷಗಳಲ್ಲಿ ನಾವು ವಿಜಾಪುರದ ಅಥಣಿ ರಸ್ತೆಯ ಬದಿಗೆ, ಒಂದು ಹಳೆಯ ಬಂಗಲೆಯ ಮುಂದಿನ ಅರ್ಧದಲ್ಲಿ ಬಾಡಿಗೆಗೆ ಇದ್ದೆವು. ಅದನ್ನು ಹಿಂದೆ ಯಾರೋ ಇಂಗ್ಲಿಷ್ ಸಾಹೇಬ ಕಟ್ಟಿಸಿದ್ದನಂತೆ. ಗೋಡೆ, ಮಾಳಿಗೆ ಎಲ್ಲ ನಮ್ಮ ಕಡೆಯ ರೀತಿಯವೇ. ಕಿಟಕಿ ಮಾತ್ರ ತನ್ನ ದೇಶದ್ದೇ ಆಗಬೇಕು ಎಂದು ಆ ಪುಣ್ಯಾತ್ಮನಿಗೆ ಹಟ ಬಂದಿರಬೇಕು. ನನ್ನೂರು ಬಿಜ್ಜರಗಿಯ ಮನೆಗಳಲ್ಲಿ ಕಿಟಕಿ ಎಂದರೆ ದಪ್ಪ ಮಣ್ಣಿನ ಗೋಡೆಯಲ್ಲಿ ಒಂದು ಬೆಕ್ಕು ದಾಟುವಷ್ಟು ಕಿಂಡಿ, ಅದಕ್ಕೆರಡು ಪುಟ್ಟ ಕದ. ನೂಕಿದರೆ ತೆರೆಯಿತು, ಎಳೆದರೆ ಮುಚ್ಚಿತು. ಸಾಹೇಬನ ಕಿಟಕಿ ಹಾಗಲ್ಲ. ಒಂದರ ಮೇಲೊಂದು ಎರಡು ಗಾಜಿನ ಕದಗಳು. ಕೆಳಗಿನದನ್ನು ಎರಡೂ ಕೈಯಿಂದ ಮೇಲಕ್ಕೆತ್ತಬೇಕು. ಅದು ಮೇಲಿನದರ ಬೆನ್ನಿಗೆ ಸರಿದು ನಿಲ್ಲಬೇಕು. ನಿಲ್ಲಬೇಕು ಎಂಬುದು ಸಾಹೇಬನ ಲೆಕ್ಕ. ನಮ್ಮ ಕಾಲಕ್ಕೆ ಅದನ್ನು ಹಿಡಿದಿಟ್ಟಿದ್ದ ಹಗ್ಗ ಲಡ್ಡಾಗಿ ಹರಿದುಹೋಗಿತ್ತು. ಹಾಗಾಗಿ ನಾವು ಅದನ್ನು ಎತ್ತಿ, ಅದರ ಕೆಳಗೆ ಒನಕೆಯನ್ನು ಆನಿಸಿ ಇಡುತ್ತಿದ್ದೆವು.

ಇಂಥ ಕಿಟಕಿಯ ಮೇಲೆ ನನಗೆ ಅಷ್ಟೊಂದು ಅಕ್ಕರೆ ಬರಲು ಕಾರಣ ನಮ್ಮವ್ವ. ಅವ್ವ ಬಿಜ್ಜರಗಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಅಲ್ಲಿ ಹೊಲ, ಆಡು, ಮೊಮ್ಮಕ್ಕಳು, ಕಟ್ಟೆಯ ತುಂಬ ಮಂದಿ. ನಾನು ಪ್ರತಿಸಲ ಕರೆತರುತ್ತಿದ್ದೆ. ಅವಳು ಪ್ರತಿಸಲ ಒಂದು ವಾರ ತುಂಬುವ ಮೊದಲೇ ಗಂಟು ಕಟ್ಟುತ್ತಿದ್ದಳು. "ಇಲ್ಲಿ ಎಲ್ಲಾ ಐತಿ ಯಪ್ಪಾ, ಮಾತಾಡಾಕ ಮಂದಿ ಇಲ್ಲ," ಎನ್ನುತ್ತಿದ್ದಳು. ನಾವು ಮಂದಿಯಲ್ಲವೇ ಎಂದು ಕೇಳಿದರೆ, "ನೀ ಕಚೇರ್‍ಯಾಗಿಂದ ಬಂದು ಉಂಡು ಮಲಗಾಂವ, ನಿನ್ನ ಕೂಡ ಏನ ಮಾತಾಡ್ಲಿ?" ಎಂದು ನಿಜವನ್ನೇ ಹೇಳುತ್ತಿದ್ದಳು. ಅಣ್ಣನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಹೊಲ ಅವನು ಇಟ್ಟುಕೊಳ್ಳಲಿ, ಎತ್ತು ಇಟ್ಟುಕೊಳ್ಳಲಿ. ಅವ್ವನನ್ನೂ ಪೂರ್ತಿ ಅವನೇ ಇಟ್ಟುಕೊಂಡರೆ ಹೇಗೆ? ಒಂದು ಸಲವಾದರೂ ಅವಳು ತಾನಾಗಿ ನನ್ನ ಮನೆಯಲ್ಲಿ ನಿಲ್ಲಬೇಕು ಎಂದು ನನ್ನ ಮನಸ್ಸು ಬಹಳ ಹಂಬಲಿಸುತ್ತಿತ್ತು.

ಆ ಸಲ ಬಂದಾಗ ಅವ್ವ ಕಿಟಕಿಯನ್ನು ಕಂಡುಹಿಡಿದಳು. ಸಂತೆಯ ದಿನ ತಿಕೋಟಾ, ಹೊನವಾಡ, ಬಿಜ್ಜರಗಿಯ ಚಕ್ಕಡಿಗಳೆಲ್ಲ ಆ ರಸ್ತೆಯ ಮೇಲೆಯೇ ವಿಜಾಪುರಕ್ಕೆ ಬರಬೇಕು. ಅವ್ವ ಕಿಟಕಿಯ ಅಗಲವಾದ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಕತ್ತು ಹೊರಗೆ ಹಾಕಿ, ಒಂದೊಂದು ಚಕ್ಕಡಿಯನ್ನೂ ತಡೆದು ವಿಚಾರಣೆ ಮಾಡತೊಡಗಿದಳು.

"ಮಲ್ಲಪ್ಪಾ, ನಿಮ್ಮ ಕರಿ ಎಮ್ಮಿ ಈದೈತೇನೋ?"

"ಈದೈತಿ ಬೇ. ಹೆಣಗರಾ ಹಾಕೈತಿ."

"ಮತ್ತ ಗಿಣ್ಣಾ ಯಾರಿಗೆ ಕೊಟ್ಟಿ? ನನಗ ತರಬೇಕಂತ ನೆನಪ ಆಗ್ಲಿಲ್ಲೇನು?"

ಹೊನವಾಡದ ಈ ಮಲ್ಲಪ್ಪನ ಎಮ್ಮೆಯಿಂದ ಹಿಡಿದು ತಿಕೋಟಾದ ಕುಂಬಾರರ ಸೊಸೆಯ ಜಗಳದವರೆಗೆ ಎಲ್ಲ ಸುದ್ದಿಯೂ ಮೊದಲು ನಮ್ಮ ಕಿಟಕಿಯಲ್ಲಿ ಸುಂಕ ಕೊಟ್ಟು ಮುಂದೆ ಹೋಗಬೇಕಾಯಿತು. ಅವ್ವನ ಮುಖ ಅರಳಿತು. ವಾರ ಕಳೆಯಿತು; ಗಂಟಿನ ಮಾತಿಲ್ಲ. ನಾನು ಕಚೇರಿಗೆ ಹೋಗುವಾಗ ಆ ಕಿಟಕಿಗೆ ಮನಸ್ಸಿನಲ್ಲೇ ಕೈಮುಗಿದು ಹೋಗುತ್ತಿದ್ದೆ.

ಆಗಲೇ ಒಂದು ದಿನ ಒನಕೆ ಜಾರಿತು. ಅವ್ವನ ಆಯುಷ್ಯ ಗಟ್ಟಿ. ಎಲೆಯಡಿಕೆ ಚೀಲ ತೆಗೆದುಕೊಳ್ಳಲು ಅವಳು ಅದೇ ತಾನೇ ತಲೆ ಒಳಗೆ ಎಳೆದುಕೊಂಡಿದ್ದಳು. ಕದ ಧಡ್ ಎಂದು ಬಿತ್ತು. ಹಿತ್ತಲಲ್ಲಿದ್ದ ನಾನು ಓಡಿ ಬಂದು ನೋಡಿದರೆ ಅವಳು ಎಲೆ ಜಗಿಯುತ್ತ ಕೂತಿದ್ದಾಳೆ. "ನಿನ್ನ ಮನ್ಯಾಗ ನಾಕ ಮಾತಾಡಬೇಕಂದ್ರ ಕುತಿಗಿ ಪಣಕ್ಕಿಡಬೇಕಲ್ಲೋ ಯಪ್ಪಾ," ಎಂದಳು. ಮುಂದಿನ ಸಂತೆಗೆ ಬರುವ ಚಕ್ಕಡಿಯಲ್ಲಿ ಊರಿಗೆ ಹೋಗುತ್ತೇನೆ ಎಂದೂ ಸೇರಿಸಿದಳು.

ಆ ಸಂತೆಯೊಳಗೆ ಕಿಟಕಿ ದುರಸ್ತಿಯಾಗಬೇಕಿತ್ತು. ಹೆಂಡತಿ ನನ್ನನ್ನು ನಂಬದೆ ಬಡಿಗೇರ ಮೌನೇಶನನ್ನು ಕರೆಸಿದಳು. ಮೌನೇಶ ಚಕ್ಕಡಿ ಗಾಲಿ, ಕೂರಿಗೆ ಮಾಡುವುದರಲ್ಲಿ ಹೆಸರಾದವನು. ಇಂಥ ಕಿಟಕಿಯನ್ನು ಅವನೂ ಕಂಡಿರಲಿಲ್ಲ. ಬಹಳ ಹೊತ್ತು ಮೇಲೆ ಕೆಳಗೆ ನೋಡಿ, ಚೌಕಟ್ಟಿನ ಮೇಲ್ತುದಿಯಲ್ಲಿದ್ದ ಪುಟ್ಟ ಗಡಗಡಿಯನ್ನು ಬೆರಳಿನಿಂದ ತಿರುಗಿಸಿ, "ಇದು ಕಿಡಕಿ ಅಲ್ರಿ ಸಾಹೇಬ್ರ, ಬಾವಿ," ಎಂದ. ಚೌಕಟ್ಟಿನ ಪಕ್ಕದ ಹಲಗೆ ಬಿಚ್ಚಿದರೆ ಒಳಗೆ ಟೊಳ್ಳು. ಅದರ ತಳದಲ್ಲಿ ಹರಿದ ಹಗ್ಗದ ತುಂಡಿನೊಂದಿಗೆ ಒಂದು ಕಬ್ಬಿಣದ ಗುಂಡು ಬಿದ್ದಿತ್ತು. ಇನ್ನೊಂದು ಪಕ್ಕದಲ್ಲೂ ಹಾಗೆಯೇ. ಗುಂಡು ಕೆಳಗಿಳಿದರೆ ಕದ ಮೇಲೇರಬೇಕು, ಇದು ಯುಕ್ತಿ ಎಂದು ನಾವಿಬ್ಬರೂ ಕೂಡಿ ತೀರ್ಮಾನಿಸಿದೆವು. ಮೌನೇಶ ತಂದ ಬಾವಿಯ ಹಗ್ಗ ಗಡಗಡಿಯಲ್ಲಿ ತೂರಲಿಲ್ಲ. ಕಡೆಗೆ ನಾನು ಮಲಗುವ ಹೊರಸಿನ ನುಲಿಯನ್ನೇ ಬಿಚ್ಚಿ ಪೋಣಿಸಿದೆವು. ಮೊದಲ ಸಲ ಅಳತೆ ತಪ್ಪಿ ಕಟ್ಟಿದ್ದರಿಂದ ಕಿಟಕಿ ಮೇಲೇರಿ ಕೂತು ಕೆಳಗಿಳಿಯಲು ಒಪ್ಪಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದೆವು. ಸಂಜೆಯ ಹೊತ್ತಿಗೆ ಅವ್ವ ಬಂದು ಒಂದೇ ಕೈಯಿಂದ ಎತ್ತಿ ನೋಡಿದಳು. ಕದ ಎತ್ತಿದಷ್ಟಕ್ಕೆ ನಿಂತಿತು. ಗೋಲಗುಮ್ಮಟ ಕಟ್ಟಿಸಿದವನಿಗೂ ಅಂದು ನನಗಾದಷ್ಟು ಸಂತೋಷ ಆಗಿರಲಿಕ್ಕಿಲ್ಲ. ಆ ರಾತ್ರಿ ನಾನು ನೆಲದ ಮೇಲೆ ಮಲಗಿದೆ. ಅವ್ವ ಊರಿಗೆ ಹೋಗುವ ಮಾತನ್ನು ಬಿಟ್ಟಳು.

ಇಲ್ಲಿಗೆ ಕೈ ತೊಳೆದುಕೊಂಡಿದ್ದರೆ ನಾನು ಜಾಣನಾಗುತ್ತಿದ್ದೆ. ಆದರೆ ದುರಸ್ತಿ ಮಾಡಿದ ವಸ್ತುವನ್ನು ಹಾಗೇ ಬಿಡುವುದು ನನ್ನ ಸ್ವಭಾವದಲ್ಲಿಲ್ಲ. ಕದ ಸರಿಯುವಾಗ ಸ್ವಲ್ಪ ಕಿರುಗುಟ್ಟುತ್ತಿತ್ತು. ಎಣ್ಣೆ ಹಾಕಬೇಕು ಎನಿಸಿತು. ಯುದ್ಧದ ದೆಸೆಯಿಂದ ಯಂತ್ರಕ್ಕೆ ಹಾಕುವ ಎಣ್ಣೆ ಪೇಟೆಯಲ್ಲಿ ಕಣ್ಣಿಗೆ ಬೀಳುತ್ತಿರಲಿಲ್ಲ. ನಮ್ಮ ಕಡೆ ಎಣ್ಣೆ ಎಂದರೆ ಕುಸುಬಿ ಎಣ್ಣೆ. ಒಗ್ಗರಣೆಗೆ ಅದೇ, ಚಟ್ನಿಗೆ ಅದೇ, ಮೊಣಕಾಲು ನೋವಿಗೆ ಅದೇ. ಮನುಷ್ಯನಿಗೆ ಇಷ್ಟು ಉಪಕಾರ ಮಾಡುವ ಎಣ್ಣೆ ಕಿಟಕಿಗೆ ಅಪಕಾರ ಮಾಡೀತೇ? ಒಂದು ವಾಟಗದಲ್ಲಿ ಸುರಿದುಕೊಂಡು, ಬಟ್ಟೆಯ ತುದಿ ಅದ್ದಿ, ಕದ ಸರಿಯುವ ಸಂದುಗಳಿಗೆಲ್ಲ ಧಾರಾಳವಾಗಿ ಹಚ್ಚಿದೆ. ಕಿಟಕಿ ಬೆಣ್ಣೆಯಂತೆ ಜಾರಿತು. ನಾಲ್ಕಾರು ದಿನಕ್ಕೆ ಸ್ವಲ್ಪ ಬಿಗಿಯಿತು ಎನಿಸಿದಾಗ ಮತ್ತಷ್ಟು ಹಚ್ಚಿದೆ. ಮತ್ತೆ ಬಿಗಿಯಿತು, ಮತ್ತೆ ಹಚ್ಚಿದೆ. ಎಣ್ಣೆ ಸಾಲುತ್ತಿಲ್ಲ ಎಂದೇ ನನ್ನ ತಿಳಿವಳಿಕೆ.

ಅಷ್ಟರಲ್ಲಿ ಬಬಲೇಶ್ವರದಲ್ಲಿ ನಾದಿನಿಯ ಮದುವೆ ಬಂತು. ಅವ್ವನನ್ನೂ ಕರೆದುಕೊಂಡು ಎಲ್ಲರೂ ಹೋದೆವು. ಹೋಗುವ ಮುಂದೆ ಕಿಟಕಿಗೆ ಹೊಟ್ಟೆತುಂಬ ಎಣ್ಣೆ ಕುಡಿಸಿ, ಕದ ಇಳಿಸಿ, ಬೀಗ ಹಾಕಿದ್ದೆ. ಬಿಸಿಲಿನ ದಿನಗಳು. ಮದುವೆ, ಬೀಗರ ಊಟ ಎಲ್ಲ ಮುಗಿಸಿ ಬಂದು ಎತ್ತಿ ನೋಡಿದರೆ ಕಿಟಕಿ ಅಲುಗಲಿಲ್ಲ. ನಾನು ಎತ್ತಿದೆ, ಹೆಂಡತಿ ಎತ್ತಿದಳು, ಇಬ್ಬರೂ ಕೂಡಿ ಎತ್ತಿದೆವು. ಹೆಂಡತಿ ಉಗುರಿನಿಂದ ಸಂದಿಯನ್ನು ಕೆರೆದು, ಮೂಸಿ ನೋಡಿ, ನನ್ನ ಕಡೆ ತಿರುಗಿದಳು.

"ಇದಕ್ಕ ಏನ ಹಚ್ಚೀರಿ?"

"ಕುಸುಬಿ ಎಣ್ಣಿ."

"ನಮ್ಮ ಎಣ್ಣಿ ಡಬ್ಬಿ ಇಟ್ಟ ಗ್ವಾಡಿ ಮಾಡ ಯಾವತ್ತರೆ ನೋಡೀರೇನ್ರಿ? ಸುತ್ತಲೂ ಹೆಂಗ ಅಂಟ ಹಿಡದೈತಿ? ಡಬ್ಬಿ ಎತ್ತಬೇಕಂದ್ರ ಮಾಡ ಕಿತ್ತು ಬರ್ತೈತಿ."

ಅವಳು ಹೇಳಿದ್ದು ಖರೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿದರೆ ಬಡಿಗರು ಹಚ್ಚುವ ಸರಸಿನ ಅಂಟಿನಂತೆ ಗಟ್ಟಿಯಾಗುತ್ತದೆ ಎಂಬುದು ಅಡುಗೆಮನೆಗೆ ಹೋಗುವ ಪ್ರತಿಯೊಬ್ಬರಿಗೂ ಗೊತ್ತು. ನಾನು ಅಲ್ಲಿಗೆ ಹೋಗುತ್ತಿದ್ದುದು ಉಣ್ಣುವುದಕ್ಕೆ ಮಾತ್ರ.

ಮುಂದಿನ ಸಂತೆಯ ದಿನ ಅವ್ವ ಎಂದಿನಂತೆ ಕಿಟಕಿಯಲ್ಲಿ ಕೂತಳು. ಚಕ್ಕಡಿಗಳು ಕಾಣುತ್ತವೆ, ಮಾತು ಮುಟ್ಟುವುದಿಲ್ಲ. ಅವಳು ಗಾಜಿನೊಳಗಿಂದ ಕೈ ಮಾಡಿದಳು, ಎಮ್ಮೆಯ ಕೊಂಬು ಮಾಡಿ ತೋರಿಸಿದಳು. ರಸ್ತೆಯವರಿಗೆ ತಿಳಿಯಲಿಲ್ಲ. ಮಲ್ಲಪ್ಪ ಎತ್ತು ನಿಲ್ಲಿಸಿ, ಇಳಿದು, "ಏನ ಅನ್ನಾಕತ್ತಿ ಬೇ?" ಎನ್ನುತ್ತ ಬಾಗಿಲಿಗೇ ಬಂದ. ಬಂದವನನ್ನು ಹಾಗೇ ಕಳಿಸುವುದುಂಟೇ? ಹೆಂಡತಿ ಬೆಲ್ಲದ ಚಾ ಕೊಟ್ಟಳು. ಅವನ ಹಿಂದೆ ಇನ್ನಿಬ್ಬರು ಬಂದರು. ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಮಂದಿ ಸಾಲಾಗಿ ಕೂತು ಚುರಮರಿ ತಿನ್ನುತ್ತಿದ್ದರು. ನಾನು ಮಾತ್ರ ಕಿಟಕಿಯ ಚಿಂತೆಯಲ್ಲೇ ಇದ್ದೆ. ಬಿಸಿನೀರು ಸುರಿದೆ, ಬೂದಿ ತಿಕ್ಕಿದೆ. ಪಾಪ, ಅವ್ವ ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೇ ಎಷ್ಟು ನೊಂದಿದ್ದಾಳೋ ಎಂದು ನನಗೆ ಸಂಕಟ.

ಚಕ್ಕಡಿಯಿಂದ ಇಳಿಯದೆ ಹೋದ ಯಾವನೋ ಒಬ್ಬ ಬಿಜ್ಜರಗಿಗೆ ಬೇರೆಯೇ ಸುದ್ದಿ ಮುಟ್ಟಿಸಿದ. ಅಣ್ಣ ಎತ್ತು ಹೂಡಿಕೊಂಡು ನೇರವಾಗಿ ನಮ್ಮ ಬಾಗಿಲಿಗೆ ಬಂದ.

"ಲೇ, ಅವ್ವನ್ನ ಗಾಜಿನ ಪೆಟಗ್ಯಾಗ ಇಟ್ಟೀಯಂತ? ಅಕಿ ಒಳಗಿಂದ ಕೈ ಬಡ್ಕೊಳ್ಳಾಕತ್ತಿದ್ಳಂತ, ಊರ ತುಂಬ ಮಾತಾಡಾಕತ್ತಾರ."

ನಾನು ಎಣ್ಣೆಯ ವೃತ್ತಾಂತ ಹೇಳಿದೆ. ಅವನು ಪೂರ್ತಿ ಕೇಳಲಿಲ್ಲ. ಚಕ್ಕಡಿಯಿಂದ ಕುಡುಗೋಲು ತಂದು ಸಂದಿನಲ್ಲಿ ಆಡಿಸಿದ, ನನ್ನಿಂದ ಬಿಸಿನೀರು ಹಾಕಿಸಿದ, ಕಡೆಗೆ ಹಲ್ಲು ಕಚ್ಚಿ ಎತ್ತಿದ. "ಇರ್ಲಿ ಬಿಡ್ರೋ, ಎದಕ್ಕ ಜೀವಾ ತೇಯ್ತೀರಿ," ಎಂದು ಅವ್ವ ಹಿಂದಿನಿಂದ ಹೇಳುತ್ತಲೇ ಇದ್ದಳು. ಮಕ್ಕಳ ಮೇಲಿನ ಮರುಕ ಎಂದು ನಾವು ತಿಳಿದೆವು. ಕಿಟಕಿ ಕಿರ್ರೆಂದು ಮೇಲೆದ್ದಿತು. ಅಣ್ಣ ಮುಖ ಒರೆಸಿಕೊಂಡು, "ಬರ್ತೀಯೇನವ್ವ ಊರಿಗೆ?" ಎಂದ. "ಈಗ ಬ್ಯಾಡ, ಮುಂದಿನ ಸಂತಿಗೆ ನೋಡೂಣು," ಎಂದಳು. ಅವನು ಹೋದ. ಕಿಟಕಿಯೂ ತೆರೆಯಿತು, ಅವ್ವನೂ ಉಳಿದಳು ಎಂದು ನಾನು ಹಿಗ್ಗಿದೆ.

ಆ ಸಂತೆಯ ದಿನ ನನಗೆ ಕಚೇರಿಗೆ ರಜೆ. ಅವ್ವ ಕತ್ತು ಹೊರಗೆ ಹಾಕಿ ಕೂಗಿದಳು. ಮಲ್ಲಪ್ಪ ಎತ್ತುಗಳನ್ನು ನಿಲ್ಲಿಸಲೂ ಇಲ್ಲ. "ಎಲ್ಲಾರೂ ಆರಾಮ ಅದಾರ ಬೇ," ಎಂದು ಕೂತಲ್ಲಿಂದಲೇ ಹೇಳಿ ಮುಂದೆ ನಡೆದ. ಉಳಿದವರೂ ಹಾಗೆಯೇ. ಹೆಂಡತಿ ಒಲೆಯ ಮೇಲೆ ಇಟ್ಟಿದ್ದ ಚಾ ಕುದಿದು ಕುದಿದು ಕಷಾಯವಾಯಿತು. ಸಂಜೆಗೆ ಅವ್ವ ಸೀರೆಗಳನ್ನು ಮಡಚಿ ಗಂಟಿಗೆ ಹಾಕುತ್ತಿರುವುದು ಕಂಡಿತು.

"ಯಾಕವ್ವ, ಕಿಡಕಿ ಈಗ ಚಲೋ ಆಗೈತೆಲ್ಲ?"

"ಅದು ಚಲೋ ಆಗೈತಿ, ಮನಿ ಭಣಭಣ ಅನ್ನಾಕತ್ತೈತಿ. ಕಿಡಕಿ ಮುಚ್ಚಿದ್ದಾಗ ಮಂದಿ ಇಳದು ಮನಿಗೆ ಬರ್ತಿದ್ರು, ಕುಂದರ್ತಿದ್ರು. ಈಗ ದಾರ್‍ಯಾಗಿಂದನ ಒಂದ ಮಾತ ಒಗದು ಹೋಗ್ತಾರ. ಮುಂಜಾನೆ ಯಾವುದರೆ ಚಕ್ಕಡಿ ಸಿಕ್ರ ಹತ್ತತೇನಿ."

ಮರುದಿನ ಬೆಳಿಗ್ಗೆ ಎದ್ದವನೇ ನಾನು ಕಿಟಕಿಯ ಕದವನ್ನು ಕೆಳಗಿಳಿಸಿದೆ. ಅಡುಗೆಮನೆಯಿಂದ ವಾಟಗದ ತುಂಬ ಕುಸುಬಿ ಎಣ್ಣೆ ತಂದು, ಮನೆಯ ಕಡೆ ಬೆನ್ನು ಮಾಡಿ, ಸಂದುಸಂದಿಗೂ ಹಚ್ಚತೊಡಗಿದೆ. ಹಿಂದೆ ಯಾರೋ ನಿಂತಂತಾಯಿತು. ತಿರುಗಿದರೆ ಅವ್ವ, ಕಂಕುಳಲ್ಲಿ ಗಂಟು.

"ಏನ ಮಾಡಾಕತ್ತೀಯೋ?"

"ಸಳಸಳ ಜಾರ್ಲಿ ಅಂತ ಎಣ್ಣಿ ಹಚ್ಚಾಕತ್ತೇನಿ ಅವ್ವ," ಎಂದೆ.

ಅವಳು ನನ್ನ ಮುಖ ನೋಡಿದಳು, ವಾಟಗ ನೋಡಿದಳು. ಆಮೇಲೆ ಗಂಟನ್ನು ಕೆಳಗಿಟ್ಟು ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಆ ಮೂಲಿ ಬಿಟ್ಟಿ ನೋಡು," ಎಂದು ಬೆರಳು ತೋರಿಸಿದಳು. ನಾನು ಆ ಮೂಲೆಗೂ ಹಚ್ಚಿದೆ. "ಹಾಂ, ಹಂಗ. ಈ ಕೆಲಸಾ ನಿನಗ ಚಲೋ ಬರ್ತೈತಿ ಯಪ್ಪಾ. ನಿಮ್ಮಣ್ಣ ಬಂದ್ರ ಇದನ್ನ ಮುಟ್ಟಾಕ ಬಿಡಬ್ಯಾಡ."